ಗಾಡಿ ಹುಡುಗರದು, ಓಟ ಕಂಪನಿಯದು

ಪುಣೆ ಮತ್ತು ಪಿಂಪ್ರಿ-ಚಿಂಚ್‌ವಡದಲ್ಲಿ ಕಾಂಟ್ರಾಕ್ಟ್, ಸರ್ವಿಸ್, ಕಟ್ಟಡ ಕೆಲಸದ ಕಂಪನಿ ನಡೆಸುತ್ತಿರುವ ಮಾಲೀಕರಿಗೆ, ಅಲ್ಲಿನ ಎಚ್‌ಆರ್ ಮತ್ತು ಅಕೌಂಟ್ಸ್ ನೋಡಿಕೊಳ್ಳುವವರಿಗೆ,

ನಮಸ್ಕಾರ.

ಈ ಪತ್ರವನ್ನು ಬೇಕಂತಲೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಎಷ್ಟೋ ಜನ ವಿಜಯಪುರ, ಕಲಬುರಗಿ, ಬಾಗಲಕೋಟೆ, ಬೆಳಗಾವಿ ಕಡೆಯಿಂದ ಬಂದವರು. ಮೊದಲು ಸಣ್ಣ ಸಬ್ ಕಾಂಟ್ರಾಕ್ಟ್ ಹಿಡಿದು, ಆಮೇಲೆ ಸ್ವಂತ ಕಂಪನಿ ಮಾಡಿ, ಈಗ ಹತ್ತಾರು ಮಂದಿಗೆ ಸಂಬಳ ಕೊಡುತ್ತಿದ್ದೀರಿ. ಊರ ಕಡೆಯ ಹುಡುಗರನ್ನು ಕರೆಸಿ ಕೆಲಸಕ್ಕೆ ಹಚ್ಚಿದ್ದೀರಿ. ಇಂಡಿಯಿಂದ, ಅಫಜಲಪುರದಿಂದ, ಜಮಖಂಡಿಯಿಂದ ಐಟಿಐ ಅಥವಾ ಡಿಪ್ಲೊಮಾ ಮುಗಿಸಿ ಬಂದ ಆ ಹುಡುಗರ ಪರವಾಗಿಯೇ ಈ ಪತ್ರ.

ನಾನು ಎಲೆಕ್ಟ್ರಿಕಲ್ ಮತ್ತು ಎಸಿ ಕೆಲಸದ ಕಂಪನಿಗಳಲ್ಲಿ ಅಕೌಂಟ್ಸ್ ನೋಡಿಕೊಂಡು ಬಂದವಳು. ಸೈಟ್‌ನವರ ಕನ್ವೇಯನ್ಸ್, ಅಂದರೆ ಓಡಾಟದ ಖರ್ಚಿನ ವೌಚರ್‌ಗಳು ನನ್ನ ಟೇಬಲ್ ಮೇಲೇ ಬರುತ್ತವೆ. ತಿಂಗಳ ಕೊನೆಗೆ ಒಬ್ಬರಲ್ಲ ಒಬ್ಬರು ಬಂದು ನಿಲ್ಲುತ್ತಾರೆ. "ಅಕ್ಕಾ, ಹೋದ ತಿಂಗಳದ್ದು ಪೆಟ್ರೋಲ್ ಬಿಲ್ ಪಾಸ್ ಆಗ್ಯಾದೇನ್ರಿ?" ಅಂತ ಕೇಳುತ್ತಾರೆ. "ಮ್ಯಾಲೆ ಸಹಿ ಆಗಿಲ್ಲ ತಮ್ಮಾ" ಅಂತ ಹೇಳಬೇಕಾಗುತ್ತದೆ. ಅವರು ಜಗಳ ಮಾಡುವುದಿಲ್ಲ. ಕೆಲಸ ಹೋದರೆ ಅನ್ನುವ ಹೆದರಿಕೆ. ಹಾಗಾಗಿ ಅವರು ಕೇಳಲಾಗದ ಮಾತನ್ನು ನಾನು ಕೇಳುತ್ತಿದ್ದೇನೆ.

ನಿಮ್ಮ ಕೆಲಸಕ್ಕೆ ಅವರು ತಮ್ಮ ಸ್ವಂತ ಬೈಕ್, ಸ್ಕೂಟರ್, ಕೆಲವರು ಕಾರು ಓಡಿಸುತ್ತಾರೆ. ಅದರ ಪೂರ್ತಿ ಖರ್ಚನ್ನು ಅವರಿಗೆ ಕೊಡಿ. ಬರೀ ಪೆಟ್ರೋಲಿನದಲ್ಲ, ಗಾಡಿಯದೂ ಕೊಡಿ. ಎಷ್ಟು ಕೊಡುತ್ತೀರಿ ಅನ್ನುವುದನ್ನು ಬರೆದು ಕೊಡಿ. ಸಂಬಳದ ಜೊತೆಗೇ ಕೊಡಿ.

ಕೆಲಸದ ಜಾಹೀರಾತುಗಳನ್ನು ಒಮ್ಮೆ ನೋಡಿ. "ಟೂ ವೀಲರ್ ಮತ್ತು ಲೈಸೆನ್ಸ್ ಕಡ್ಡಾಯ" ಅಂತ ಇರುತ್ತದೆ. ಸರ್ವಿಸ್ ಟೆಕ್ನಿಷಿಯನ್ ಇರಲಿ, ಸೈಟ್ ಸೂಪರ್‌ವೈಸರ್ ಇರಲಿ, ಗಾಡಿ ಇಲ್ಲದವನಿಗೆ ಕೆಲಸವಿಲ್ಲ. ಊರಿಂದ ಬರುವಾಗ ಆ ಹುಡುಗನ ಹತ್ತಿರ ಗಾಡಿ ಎಲ್ಲಿರುತ್ತದೆ? ಕೆಲಸ ಸಿಗಲಿ ಅಂತ ಸಾಲ ಮಾಡಿ ಬೈಕ್ ತೆಗೆಸುತ್ತಾನೆ. ಅಪ್ಪನೋ ಅಣ್ಣನೋ ಜಾಮೀನು ನಿಲ್ಲುತ್ತಾರೆ. ಮೊದಲ ಸಂಬಳ ಕೈಗೆ ಬರುವ ಮೊದಲೇ ಕಂತು ಶುರುವಾಗಿರುತ್ತದೆ. ಅಂದರೆ ನಿಮ್ಮ ಕಂಪನಿ ನಡೆಯಲು ಬೇಕಾದ ಒಂದು ಸಾಧನಕ್ಕೆ ಬಂಡವಾಳ ಹಾಕಿದವನು ನಿಮ್ಮಲ್ಲಿ ಎಲ್ಲರಿಗಿಂತ ಕಡಿಮೆ ಸಂಬಳದವನು. ಈ ಮಾತು ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ.

ನಮ್ಮ ಹಳ್ಳಿಗಳಲ್ಲಿ ಬಿತ್ತನೆ ಕಾಲಕ್ಕೆ ಒಬ್ಬ ತನ್ನ ಎತ್ತು ಹೂಡಿಕೊಂಡು ಬಂದರೆ ಆಳಿನ ಕೂಲಿ ಬೇರೆ, ಎತ್ತಿನ ಬಾಡಿಗೆ ಬೇರೆ ಕೊಡುತ್ತಿದ್ದರು. ಎತ್ತಿಗೆ ಒಂದು ಹೊರೆ ಮೇವು ಹಾಕಿ ಕಳಿಸಿದರೆ ಲೆಕ್ಕ ಮುಗಿಯಿತು ಅಂತ ಯಾರೂ ಅನ್ನುತ್ತಿರಲಿಲ್ಲ. ನೀವೂ ಆ ಲೆಕ್ಕ ನೋಡಿ ಬೆಳೆದವರೇ. ಪೆಟ್ರೋಲ್ ಹಣ ಮಾತ್ರ ಕೊಡುವುದು ಅಂದರೆ ಮೇವು ಮಾತ್ರ ಕೊಟ್ಟಂತೆ ಆಯಿತು.

ಇದಕ್ಕೆ ಮೊದಲು ಬರುವ ಉತ್ತರ ನನಗೆ ಗೊತ್ತು. "ಸ್ಯಾಲರಿ ಸ್ಲಿಪ್‌ನಲ್ಲಿ ಕನ್ವೇಯನ್ಸ್ ಅಂತ 1,600 ರೂಪಾಯಿ ಕೊಡ್ತಾ ಇದ್ದೇವಲ್ಲ, ಮತ್ತೆ ಯಾಕೆ?" ಆ 1,600ರ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮನೆಯಿಂದ ಆಫೀಸಿಗೆ ಹೋಗಿ ಬರಲು ಕೊಡುವ ಭತ್ಯೆಗೆ ಆದಾಯ ತೆರಿಗೆಯಲ್ಲಿ ಮೊದಲು ತಿಂಗಳಿಗೆ 800 ರೂಪಾಯಿ ವಿನಾಯಿತಿ ಇತ್ತು. 2015ರ ಏಪ್ರಿಲ್‌ನಿಂದ ಅದು 1,600 ಆಯಿತು. 2018ರ ಏಪ್ರಿಲ್‌ನಿಂದ ಸಾಮಾನ್ಯ ಉದ್ಯೋಗಿಗಳಿಗೆ ಆ ವಿನಾಯಿತಿ ಹೋಯಿತು, ಅದರ ಜಾಗದಲ್ಲಿ ಸಂಬಳದಾರರಿಗೆಲ್ಲ ಒಂದು ನಿಗದಿತ ಮೊತ್ತ ಕಳೆಯುವ ಸ್ಟ್ಯಾಂಡರ್ಡ್ ಡಿಡಕ್ಷನ್ ಬಂತು. ಎಷ್ಟೋ ಕಂಪನಿಗಳ ಸ್ಲಿಪ್‌ನಲ್ಲಿ ಆ ಸಾಲು ಮಾತ್ರ ಹಾಗೇ ಉಳಿದುಕೊಂಡಿದೆ. ಅದು ಹುಡುಗನಿಗೆ ಮಾತು ಕೊಟ್ಟ ಸಂಬಳದ್ದೇ ಒಂದು ತುಂಡು. 22,000 ಅಂತ ಹೇಳಿ ಕರೆದು, ಆ 22,000ದ ಒಳಗೇ 1,600ಕ್ಕೆ ಕನ್ವೇಯನ್ಸ್ ಅಂತ ಹೆಸರಿಟ್ಟಿದ್ದೀರಿ. ಅವನು ಒಂದು ದಿನವೂ ಸೈಟಿಗೆ ಹೋಗದೆ ಆಫೀಸಿನಲ್ಲೇ ಕುಳಿತರೂ ಆ ಹಣ ಬರುತ್ತದೆ. ಹಾಗಿರುವಾಗ ಸೈಟ್ ಓಡಾಟದ ಖರ್ಚು ಅದರಲ್ಲಿ ಸೇರಿದೆ ಅನ್ನುವುದು ಸರಿಯಲ್ಲ.

ಮನೆಯಿಂದ ಆಫೀಸಿಗೆ ಹೋಗುವ ಖರ್ಚು ಉದ್ಯೋಗಿಯದು. ಇದನ್ನು ನಾನು ಒಪ್ಪುತ್ತೇನೆ, ಹುಡುಗರೂ ಒಪ್ಪುತ್ತಾರೆ. ಎಲ್ಲಿ ಮನೆ ಮಾಡಬೇಕು ಅನ್ನುವುದು ಅವರ ಇಷ್ಟ. ಆದರೆ ಆಫೀಸಿಗೆ ಬಂದು ಹಾಜರಿ ಹಾಕಿದವನನ್ನು ನೀವು ಚಾಕಣಕ್ಕೆ ಕಳಿಸುತ್ತೀರಿ. ಅಲ್ಲಿ ಕೆಲಸ ಮುಗಿಯುವಷ್ಟರಲ್ಲಿ ಭೋಸರಿಯಿಂದ ಕಾಲ್ ಬರುತ್ತದೆ. ಸಂಜೆ ಹೊತ್ತಿಗೆ ವಾಘೋಲಿಯಲ್ಲಿ ಒಂದು ಪ್ಯಾನೆಲ್ ಟ್ರಿಪ್ ಆಗಿರುತ್ತದೆ. ಈ ಓಟದ ಒಂದು ಮೀಟರ್ ಕೂಡ ಅವನ ಸ್ವಂತದ್ದಲ್ಲ, ಅಲ್ವಾ?

ಪುಣೆ ಎರಡು ಚಕ್ರದ ಊರು ಅನ್ನುವುದು ನಿಮಗೆ ಹೇಳಬೇಕಾಗಿಲ್ಲ. ಪಿಎಂಪಿಎಂಎಲ್ ಬಸ್ ಇದೆ. ಮೆಟ್ರೊ ಈಗ ವನಾಜ್‌ನಿಂದ ರಾಮವಾಡಿಗೆ, ಪಿಂಪ್ರಿ-ಚಿಂಚ್‌ವಡದಿಂದ ಸ್ವಾರ್‌ಗೇಟ್‌ಗೆ ಓಡುತ್ತದೆ. ಆದರೆ ನಮ್ಮ ಸೈಟ್‌ಗಳು ಇರುವುದು ಬೇರೆ ಕಡೆ. ಚಾಕಣ ಎಂಐಡಿಸಿ (ಕೈಗಾರಿಕಾ ಪ್ರದೇಶ), ತಳೇಗಾವ್, ರಾಂಜಣಗಾವ್, ಶಿರವಳ, ಪುನಾವಳೆ, ಪಿಸೋಳಿಯ ಒಳದಾರಿಗಳು. ಟೂಲ್ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಬಸ್ ಬದಲಿಸುತ್ತಾ ದಿನಕ್ಕೆ ಮೂರು ಕಾಲ್ ಮುಗಿಸುವುದು ಆಗದ ಮಾತು. ಗಾಡಿ ಇದ್ದರೇ ನಿಮ್ಮ ಕೆಲಸ ಆಗುತ್ತದೆ.

ಈಗ ಲೆಕ್ಕಕ್ಕೆ ಬರುತ್ತೇನೆ. ನನ್ನ ಕೆಲಸವೇ ಅದು, ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಸಣ್ಣ ಮತ್ತು ಮಧ್ಯಮ ಕಂಪನಿಗಳಲ್ಲಿ ಬೈಕಿಗೆ ಕಿಲೋಮೀಟರಿಗೆ ಎರಡೂವರೆ, ಮೂರು ರೂಪಾಯಿ ಕೊಡುವುದನ್ನು ನೋಡಿದ್ದೇನೆ. ಈ ದರ ಹೇಗೆ ಬಂತು ಅಂತ ಕೇಳಿದರೆ "ಪೆಟ್ರೋಲ್ ರೇಟನ್ನು ಆವರೇಜ್‌ನಿಂದ ಭಾಗಿಸಿದ್ದು" ಅನ್ನುತ್ತಾರೆ. ಅದೂ ಬೈಕ್ ಕಂಪನಿಯ ಬ್ರೋಷರ್‌ನಲ್ಲಿ ಬರೆದಿರುವ ಆವರೇಜ್. ತಳೇಗಾವ್-ಚಾಕಣ ರಸ್ತೆಯಲ್ಲಿ ಕಂಟೇನರ್‌ಗಳ ಸಾಲಿನ ಹಿಂದೆ ಮೊದಲ ಗೇರ್‌ನಲ್ಲಿ ತೆವಳುವ ಗಾಡಿಗೆ ಆ ಆವರೇಜ್ ಎಲ್ಲಿಂದ ಬರಬೇಕು?

ಒಂದು 125 ಸಿಸಿ ಬೈಕ್ ಇಟ್ಟುಕೊಳ್ಳೋಣ. ಊರೊಳಗಿನ ಟ್ರಾಫಿಕ್‌ನಲ್ಲಿ ಲೀಟರಿಗೆ 45 ಕಿಲೋಮೀಟರ್ ಅನ್ನೋಣ. ಪೆಟ್ರೋಲ್ 104 ರೂಪಾಯಿ ಅಂತ ಹಿಡಿದರೆ ಕಿಲೋಮೀಟರಿಗೆ 2 ರೂಪಾಯಿ 31 ಪೈಸೆ ಬರೀ ಪೆಟ್ರೋಲ್‌ಗೇ ಹೋಯಿತು. 3,000 ಕಿಲೋಮೀಟರಿಗೊಮ್ಮೆ ಆಯಿಲ್ ಬದಲಿಸಿ ಸರ್ವಿಸಿಂಗ್ ಮಾಡಿಸಿದರೆ 1,200 ರೂಪಾಯಿ, ಅಂದರೆ 40 ಪೈಸೆ. ಎರಡು ಟೈರಿಗೆ 4,000, ಅವು 25,000 ಕಿಲೋಮೀಟರ್ ಬಾಳಿದರೆ 16 ಪೈಸೆ. ಚೈನ್ ಸೆಟ್, ಬ್ರೇಕ್ ಶೂ, ಕ್ಲಚ್ ಪ್ಲೇಟ್, ಬ್ಯಾಟರಿ, ಪಂಕ್ಚರ್ ಎಲ್ಲ ಸೇರಿ 25 ಪೈಸೆ. ವಿಮೆ ವರ್ಷಕ್ಕೆ 2,000 ಅಂದರೆ, 18,000 ಕಿಲೋಮೀಟರಿಗೆ ಹಂಚಿದಾಗ 11 ಪೈಸೆ. ಇನ್ನು ಗಾಡಿಯ ಬೆಲೆ. 1,05,000ಕ್ಕೆ ತೆಗೆದುಕೊಂಡ ಬೈಕ್ ಲಕ್ಷ ಕಿಲೋಮೀಟರ್ ಓಡಿದ ಮೇಲೆ 25,000ಕ್ಕೆ ಹೋದರೆ, ಕರಗಿದ್ದು 80,000. ಕಿಲೋಮೀಟರಿಗೆ 80 ಪೈಸೆ. ಎಲ್ಲ ಕೂಡಿಸಿ, 4 ರೂಪಾಯಿ 3 ಪೈಸೆ ಆಗುತ್ತದೆ. ಸಾಲದ ಬಡ್ಡಿ ಇದರಲ್ಲಿ ಸೇರಿಲ್ಲ. ಇದು ನನ್ನ ಅಂದಾಜು. ನಿಮ್ಮ ಕಂಪನಿಯ ಹುಡುಗರ ಗಾಡಿ ಬಿಲ್‌ಗಳನ್ನು ಇಟ್ಟುಕೊಂಡು ನೀವೇ ಒಮ್ಮೆ ಮಾಡಿ ನೋಡಿ. ಸ್ವಲ್ಪ ಮೇಲೆ ಕೆಳಗೆ ಆಗಬಹುದು, ಎರಡೂವರೆಗೆ ಮಾತ್ರ ಇಳಿಯುವುದಿಲ್ಲ.

ತಿಂಗಳಿಗೆ 1,500 ಕಿಲೋಮೀಟರ್ ಓಡುವ ಹುಡುಗನಿಗೆ ಎರಡೂವರೆ ರೂಪಾಯಿ ದರದಲ್ಲಿ 3,750 ಸಿಗುತ್ತದೆ. ಅವನ ಖರ್ಚು 6,000 ದಾಟಿರುತ್ತದೆ. ತಿಂಗಳಿಗೆ 2,300 ರೂಪಾಯಿ ಹತ್ತಿರ ಅವನ ಜೇಬಿನಿಂದ ನಿಮ್ಮ ಕಂಪನಿಗೆ ಹೋಗುತ್ತಿದೆ. ವರ್ಷಕ್ಕೆ ಸುಮಾರು 27,500. ಅವನ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ. ಇದು ಅವನ ಕಣ್ಣಿಗೂ ಬೀಳುವುದಿಲ್ಲ. ಟೈರ್ ಸವೆಯುವುದು, ಎಂಜಿನ್ ಹೊಗೆ ಬಿಡುವುದು ನಿಧಾನಕ್ಕೆ ತಾನೇ? ಕಂತು ಮುಗಿಯುವ ಹೊತ್ತಿಗೆ ಗಾಡಿಯೂ ಮುಗಿದಿರುತ್ತದೆ. ಆಗ ಇನ್ನೊಂದು ಸಾಲ.

ಕಾರು ಓಡಿಸುವ ಎಂಜಿನಿಯರ್‌ಗಳದೂ ಇದೇ ಕಥೆ, ಮೊತ್ತ ದೊಡ್ಡದು ಅಷ್ಟೇ. ಊರೊಳಗೆ ಲೀಟರಿಗೆ 14 ಕೊಡುವ ಪೆಟ್ರೋಲ್ ಕಾರಿಗೆ ಇಂಧನವೇ ಏಳೂವರೆ ರೂಪಾಯಿ ಹತ್ತಿರ. ಸವಕಳಿ, ವಿಮೆ, ಟೈರ್, ಸರ್ವಿಸಿಂಗ್ ಸೇರಿದರೆ 13ರಿಂದ 14 ರೂಪಾಯಿಗೆ ಹೋಗುತ್ತದೆ. ಅವರಿಗೆ ಎಂಟು, ಒಂಬತ್ತು ರೂಪಾಯಿ ಸಿಗುವುದನ್ನು ನೋಡಿದ್ದೇನೆ.

ಕೇಂದ್ರ ಸರ್ಕಾರ ತನ್ನ ನೌಕರರಿಗೆ ಏನು ಮಾಡಿದೆ ನೋಡಿ. ಏಳನೇ ವೇತನ ಆಯೋಗದ ನಂತರ 2017ರ ಜುಲೈನಲ್ಲಿ ಬಂದ ಪ್ರಯಾಣ ಭತ್ಯೆ ಆದೇಶದಲ್ಲಿ, ರಾಜ್ಯದ ಸಾರಿಗೆ ಇಲಾಖೆ ದರ ಗೊತ್ತು ಮಾಡದ ಜಾಗಗಳಲ್ಲಿ ಸ್ವಂತ ಕಾರಿಗೆ ಕಿಲೋಮೀಟರಿಗೆ 24 ರೂಪಾಯಿ, ಸ್ವಂತ ಸ್ಕೂಟರಿಗೆ 12 ರೂಪಾಯಿ ಅಂತ ಇಟ್ಟರು. ಸಣ್ಣ ಕಂಪನಿ ಅಷ್ಟು ಕೊಡಲಿ ಅಂತ ನಾನು ಕೇಳುತ್ತಿಲ್ಲ. ಆದರೆ ಗಾಡಿಯ ಓಟಕ್ಕೆ ಪೆಟ್ರೋಲಿಗಿಂತ ಜಾಸ್ತಿ ಬೆಲೆ ಇದೆ ಅಂತ ಸರ್ಕಾರವೇ ಒಪ್ಪಿಕೊಂಡಿದೆ.

ಅಮೆರಿಕದಲ್ಲಿ ಅಲ್ಲಿನ ತೆರಿಗೆ ಇಲಾಖೆ ಪ್ರತಿ ವರ್ಷ ಮೈಲಿಗೆ ಇಷ್ಟು ಅಂತ ಒಂದು ದರ ಪ್ರಕಟಿಸುತ್ತದೆ. ಗಾಡಿ ನಿಂತಿದ್ದರೂ ಬರುವ ಖರ್ಚು, ಓಡಿದರೆ ಬರುವ ಖರ್ಚು ಎರಡನ್ನೂ ಲೆಕ್ಕ ಹಾಕಿ ಆ ದರ ಕಟ್ಟುತ್ತಾರೆ. 2025ಕ್ಕೆ ಅದು ಮೈಲಿಗೆ 70 ಸೆಂಟ್ ಇತ್ತು. ಮನೆಯಿಂದ ಖಾಯಂ ಆಫೀಸಿಗೆ ಹೋಗುವ ಓಟ ಅದರಲ್ಲಿ ಬರುವುದಿಲ್ಲ, ಕೆಲಸದ ಓಟ ಮಾತ್ರ. 2022ರಲ್ಲಿ ಇಂಧನದ ಬೆಲೆ ಏರಿದಾಗ ವರ್ಷ ಮುಗಿಯುವ ತನಕ ಕಾಯಲಿಲ್ಲ. ಜುಲೈ 1ರಿಂದಲೇ 58.5 ಸೆಂಟ್ ಇದ್ದದ್ದನ್ನು 62.5 ಮಾಡಿದರು. ಕ್ಯಾಲಿಫೋರ್ನಿಯಾದಲ್ಲಂತೂ ಕೆಲಸಕ್ಕಾಗಿ ಉದ್ಯೋಗಿ ಮಾಡಿದ ಅಗತ್ಯ ಖರ್ಚನ್ನು ಮಾಲೀಕ ತುಂಬಿಕೊಡಲೇಬೇಕು ಅಂತ ಕಾನೂನೇ ಇದೆ. ಅಲ್ಲಿನ ದರ ನಮಗೆ ಹೊಂದುವುದಿಲ್ಲ. ಆದರೆ ದರ ಕಟ್ಟುವ ರೀತಿ ನಮಗೂ ಬರಬೇಕು.

ನಮ್ಮಲ್ಲಿ ಏನಾಗುತ್ತದೆ? ದರ ಒಮ್ಮೆ ಗೊತ್ತಾದರೆ ವರ್ಷಗಟ್ಟಲೆ ಅಲುಗುವುದಿಲ್ಲ. ಪೆಟ್ರೋಲ್ ಬೆಲೆ ಮಾತ್ರ 2017ರ ಜೂನ್ 16ರಿಂದ ದಿನವೂ ಬದಲಾಗಬಹುದಾದ ಪದ್ಧತಿಗೆ ಬಂದಿದೆ. ಮುಂಬೈಯಲ್ಲಿ 2021ರ ಮೇ ಕೊನೆಗೆ ಲೀಟರಿಗೆ ನೂರು ದಾಟಿತು. 2022ರ ಏಪ್ರಿಲ್‌ನಲ್ಲಿ 120 ದಾಟಿ ನಿಂತಿತ್ತು. ಪುಣೆಯಲ್ಲೂ ಹೆಚ್ಚು ಕಡಿಮೆ ಅದೇ. ಆಮೇಲೆ ಮೇ ತಿಂಗಳಲ್ಲಿ ಕೇಂದ್ರ ಎಂಟು ರೂಪಾಯಿ ಸುಂಕ ಇಳಿಸಿತು, ಜುಲೈನಲ್ಲಿ ಮಹಾರಾಷ್ಟ್ರ ಸರ್ಕಾರ ಐದು ರೂಪಾಯಿ ಇಳಿಸಿತು. 2024ರ ಮಾರ್ಚ್‌ನಲ್ಲಿ ಇನ್ನೆರಡು ರೂಪಾಯಿ ಇಳಿಯಿತು. ಆದರೂ ನೂರರ ಮೇಲೆಯೇ ಉಳಿಯಿತು. ಲೀಟರಿಗೆ 75 ಇದ್ದಾಗ ಇಟ್ಟ ದರವನ್ನೇ 120 ಇದ್ದಾಗಲೂ ಕೊಟ್ಟ ಕಂಪನಿಗಳಿವೆ. ಸಿಮೆಂಟ್, ಕೇಬಲ್, ತಾಮ್ರದ ಪೈಪ್ ಬೆಲೆ ಏರಿದರೆ ಕ್ಲೈಂಟಿಗೆ ಪರಿಷ್ಕರಿಸಿದ ಕೊಟೇಶನ್ ಅದೇ ವಾರ ಹೋಗುತ್ತದೆ. ಹುಡುಗರ ಪೆಟ್ರೋಲಿಗೂ ಅಷ್ಟೇ ಚುರುಕು ಬೇಕು.

ಇನ್ನೊಂದು ಜಗಳ ಕಿಲೋಮೀಟರಿನದು. ಆಫೀಸಿನಲ್ಲಿ ಕುಳಿತವರು ಮ್ಯಾಪ್‌ನಲ್ಲಿ ಕಾಣುವ ಅತಿ ಹತ್ತಿರದ ದಾರಿ ಹಿಡಿದು ವೌಚರ್ ಕತ್ತರಿಸುತ್ತಾರೆ. ಮ್ಯಾಪ್‌ನಲ್ಲಿ 31 ಇದ್ದರೆ 31. ದಾರಿ ಬಂದ್ ಇತ್ತು, ಮುಂದೆ ಹೋಗಿ ಯೂ ಟರ್ನ್ ಮಾಡಬೇಕಾಯಿತು, ನಡುವೆ ಒಂದು ಪಾರ್ಟ್ ತರಲು ಬುಧವಾರ ಪೇಟೆಯ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿದ್ದ ಅನ್ನುವುದು ಯಾವುದೂ ಲೆಕ್ಕಕ್ಕಿಲ್ಲ. ಪಾರ್ಕಿಂಗ್ ಚೀಟಿ ಕಳೆದರೆ ಆ ಹಣವೂ ಹೋಯಿತು. ಮನೆಯಿಂದ ನೇರ ಸೈಟಿಗೆ ಹೋಗು ಅಂತ ಹೇಳಿದ ದಿನವಂತೂ ಕೆಲವು ಕಡೆ ಏನೂ ಸಿಗುವುದಿಲ್ಲ. "ಮನೆಯಿಂದ ಹೋದದ್ದು ತಾನೇ" ಅನ್ನುತ್ತಾರೆ. ಧನಕವಡಿಯಲ್ಲಿ ಇರುವ ಹುಡುಗನಿಗೆ ಕೋಥ್ರೂಡ್ ಆಫೀಸು ಹತ್ತಿರ. ಅವನನ್ನು ಬೆಳಗ್ಗೆ ನೇರ ಚಾಕಣಕ್ಕೆ ಕಳಿಸಿದರೆ ಅದು ಊರಿನ ಇನ್ನೊಂದು ತುದಿ. ದಿನವೂ ಆಫೀಸಿಗೆ ಹೋಗುವಷ್ಟು ದೂರ ಕಳೆದು, ಉಳಿದದ್ದನ್ನು ಕೊಡಿ. ಇದರಲ್ಲಿ ಯಾರಿಗೂ ಅನ್ಯಾಯವಿಲ್ಲ.

ಹುಡುಗರು ಸುಳ್ಳು ಕಿಲೋಮೀಟರ್ ಬರೆಯುತ್ತಾರೆ ಅನ್ನುವ ದೂರೂ ಇದೆ. ಕೆಲವರು ಬರೆಯುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಯಾಕೆ ಬರೆಯುತ್ತಾರೆ ಅಂತಲೂ ನೋಡಬೇಕು. ನಿಜವಾದ ಖರ್ಚಿಗೆ ನಿಜವಾದ ದರ ಸಿಗದಿದ್ದಾಗ, 30 ಇದ್ದದ್ದು 45 ಆಗುತ್ತದೆ. ಪ್ರಾಮಾಣಿಕವಾಗಿ 30 ಬರೆದವನು ನಷ್ಟ ತಿನ್ನುತ್ತಾನೆ. ದರ ಸರಿ ಇಟ್ಟು, ಮೀಟರ್ ರೀಡಿಂಗ್‌ನ ಫೋಟೊವನ್ನು ಬೆಳಗ್ಗೆ ಒಂದು, ಸಂಜೆ ಒಂದು ವಾಟ್ಸಾಪ್ ಗ್ರೂಪಿಗೆ ಹಾಕಿಸಿ. ಈ ತಕರಾರು ಬಹುಪಾಲು ಅಲ್ಲೇ ಮುಗಿಯುತ್ತದೆ.

ಆ ದಾಖಲೆ ಇನ್ನೂ ದೊಡ್ಡ ಕಾರಣಕ್ಕೆ ಬೇಕು. ಕಾತ್ರಜ್ ಹೊಸ ಸುರಂಗ ದಾಟಿದ ಮೇಲೆ ನವಲೆ ಬ್ರಿಡ್ಜ್ ತನಕ ಇರುವ ಇಳಿಜಾರಿನಲ್ಲಿ ಎಷ್ಟು ಅಪಘಾತ ಆಗಿವೆ ಅಂತ ಈ ಊರಿನಲ್ಲಿ ಇರುವ ಎಲ್ಲರಿಗೂ ಗೊತ್ತು. ಶಿರವಳದ ಕಾರ್ಖಾನೆಗಳಿಗೆ ಹೋಗಿ ಬರುವ ನಮ್ಮ ಹುಡುಗರು ಬ್ರೇಕ್ ಬಿಸಿಯಾದ ಲಾರಿಗಳ ಮುಂದೆ ಬೈಕಿನಲ್ಲಿ ಇಳಿಯುತ್ತಾರೆ. ಏನಾದರೂ ಆದರೆ ಅವನು ಕೆಲಸದ ಮೇಲೆ ಹೋಗಿದ್ದ ಅನ್ನುವುದಕ್ಕೆ ಸಾಕ್ಷಿ ಏನು? ಕೆಲಸಕ್ಕೆ ಹೋಗಿ ಬರುವ ದಾರಿಯ ಅಪಘಾತವನ್ನೂ ಕೆಲಸದ ಭಾಗ ಅಂತ ಪರಿಗಣಿಸುವ ನಿಯಮ 2010ರಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾಯ್ದೆಗೆ ಬಂತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಇದೆ. ಆದರೆ ಸಮಯ, ಜಾಗ, ಕೆಲಸ ಇವುಗಳ ನಡುವೆ ಸಂಬಂಧ ತೋರಿಸಬೇಕು. ತಾರೀಖು, ಹೊರಟ ಸಮಯ, ಸೈಟಿನ ಹೆಸರು ಬರೆದ ಒಂದು ವೌಚರ್ ಆ ಹುಡುಗನ ಮನೆಯವರ ಕೈಗೆ ಆಗ ಸಿಗುವ ಮೊದಲ ಆಧಾರ. ಬಾಯಿ ಮಾತಿನಲ್ಲಿ ಕಳಿಸಿ, ತಿಂಗಳಿಗೆ ಇಷ್ಟು ಅಂತ ಕೈಗೆ ನಗದು ಕೊಡುವ ಕಡೆ ಆ ಆಧಾರವೂ ಇರುವುದಿಲ್ಲ.

ವಿಮೆಯ ವಿಷಯವನ್ನೂ ಹೇಳಲೇಬೇಕು, ಇದು ಹೆಚ್ಚಿನವರಿಗೆ ಗೊತ್ತಿಲ್ಲ. ಖಾಸಗಿ ಗಾಡಿಯ ಪಾಲಿಸಿಯಲ್ಲಿ ಯಾವುದಕ್ಕೆ ಬಳಸಬಾರದು ಅನ್ನುವ ಒಂದು ಸಾಲು ಇರುತ್ತದೆ. ಬಾಡಿಗೆಗೆ ಓಡಿಸಬಾರದು. ಸರಕು ಸಾಗಿಸಬಾರದು. ಸ್ಯಾಂಪಲ್ ಮತ್ತು ಸ್ವಂತ ಲಗೇಜ್ ಮಾತ್ರ ಒಯ್ಯಬಹುದು. ನಾವೇನು ಮಾಡುತ್ತೇವೆ? ಗ್ಯಾಸ್ ಸಿಲಿಂಡರ್, ಕೇಬಲ್ ಡ್ರಮ್, ಎಸಿಯ ಮೋಟರ್ ಎಲ್ಲವನ್ನೂ ಅವನ ಸೀಟಿನ ಮೇಲೆ ಕಟ್ಟಿ ಕಳಿಸುತ್ತೇವೆ. ನಾಳೆ ಕ್ಲೇಮ್ ತಕರಾರಿಗೆ ಬಿದ್ದರೆ ನಿಮ್ಮ ಕಂಪನಿ ಅವನ ಪಕ್ಕ ನಿಲ್ಲುತ್ತದೆಯೇ? ಭಾರದ ಸಾಮಾನಿಗೆ ಟೆಂಪೊ ಮಾಡಿ. ಮಾಲೀಕ-ಚಾಲಕನಿಗೆ ಇರುವ 15 ಲಕ್ಷದ ಅಪಘಾತ ವಿಮೆ ಅವನ ಹೆಸರಿಗೆ ಚಾಲ್ತಿಯಲ್ಲಿ ಇದೆಯೇ ಅಂತ ವರ್ಷಕ್ಕೊಮ್ಮೆ ನೋಡಿ, ಆ ಕಂತನ್ನು ನೀವೇ ಕಟ್ಟಿ. ನಿಮಗೆ ಅದು ದೊಡ್ಡ ಹಣವಲ್ಲ.

ನಿಮ್ಮ ಕಷ್ಟ ನನಗೆ ಕಾಣುವುದಿಲ್ಲ ಅಂತಲ್ಲ. ಬಿಲ್ಡರ್‌ಗಳು ಬಿಲ್ ಹಣವನ್ನು ತಿಂಗಳುಗಟ್ಟಲೆ ತಡೆಯುತ್ತಾರೆ. ರಿಟೆನ್ಷನ್ ಅಂತ ಬಿಲ್ಲಿನಲ್ಲಿ ಹಿಡಿದಿಟ್ಟುಕೊಂಡ ಹಣ ವರ್ಷವಾದರೂ ಬರುವುದಿಲ್ಲ. ಸಂಬಳದ ದಿನ ನೀವು ಬ್ಯಾಂಕಿಗೆ ಓಡುವುದನ್ನು ನೋಡಿದ್ದೇನೆ. ಆದರೆ ನಿಮಗೆ ಕ್ಲೈಂಟ್ ಕೊಡದ ಹಣದ ಭಾರವನ್ನು ತಿಂಗಳಿಗೆ ಇಪ್ಪತ್ತು ಸಾವಿರ ಗಳಿಸುವ ಹುಡುಗ ಹೊರಬಾರದು. ಎಎಂಸಿ (ವಾರ್ಷಿಕ ನಿರ್ವಹಣೆ ಕಾಂಟ್ರಾಕ್ಟ್) ದರ ಹಾಕುವಾಗಲೇ ಓಡಾಟದ ಖರ್ಚನ್ನು ಒಂದು ಸಾಲಾಗಿ ಸೇರಿಸಿ. ಚಾಕಣದ ಕ್ಲೈಂಟಿಗೂ ಔಂಧ್‌ನ ಕ್ಲೈಂಟಿಗೂ ಒಂದೇ ದರ ಹಾಕಿದರೆ ಆ ವ್ಯತ್ಯಾಸ ಹುಡುಗನ ಟ್ಯಾಂಕಿನಿಂದ ಹೋಗುತ್ತದೆ.

ಲೆಕ್ಕದ ದೃಷ್ಟಿಯಿಂದಲೂ ಇದು ನಿಮಗೆ ಕಷ್ಟವಿಲ್ಲ. ಕೆಲಸದ ಓಡಾಟಕ್ಕೆ ಕೊಟ್ಟ ಹಣ ಕಂಪನಿಗೆ ವ್ಯವಹಾರದ ಖರ್ಚು. ಕಂಪನಿ ಬೇರೆ ವಾಹನ ಕೊಟ್ಟಿಲ್ಲವಾದರೆ, ನಿಜವಾಗಿ ಖರ್ಚಾದಷ್ಟರ ಮಟ್ಟಿಗೆ ಉದ್ಯೋಗಿಗೂ ಅದರ ಮೇಲೆ ತೆರಿಗೆ ಬೀಳುವುದಿಲ್ಲ ಅನ್ನುವುದು ಹಳೆಯ ನಿಯಮ. ಅದಕ್ಕೆ ಬೇಕಾದದ್ದು ಇಷ್ಟೇ: ಯಾವ ತಾರೀಖು, ಎಲ್ಲಿಗೆ, ಎಷ್ಟು ಕಿಲೋಮೀಟರ್, ಎಷ್ಟು ಖರ್ಚು. ಒಂದು ನೋಟ್‌ಬುಕ್ಕಿನ ಕೆಲಸ.

ಕೊನೆಗೆ ತಡದ ವಿಷಯ. ಸಂಬಳಕ್ಕೆ ಒಂದು ತಾರೀಖು ಇದೆ. ಪೆಟ್ರೋಲ್ ಬಿಲ್ಲಿಗೆ ಇಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಕೆಲಸದ ಸ್ವರೂಪದಿಂದ ಬಂದ ವಿಶೇಷ ಖರ್ಚನ್ನು ತುಂಬಿಕೊಡುವ ಹಣ ವೇತನದ ವ್ಯಾಖ್ಯೆಯಿಂದ ಹೊರಗಿದೆ. ಹಾಗಾಗಿ ಸಂಬಳ ತಡವಾದರೆ ಕೇಳುವ ದಾರಿ ಇದಕ್ಕೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಮೂರು ತಿಂಗಳ ವೌಚರ್ ಬಾಕಿ ಇಟ್ಟುಕೊಂಡು ಕೆಲಸ ಬಿಟ್ಟು ಹೋದ ಹುಡುಗರಿದ್ದಾರೆ. ಅವರಿಗೆ ಆ ಹಣ ಬರಲೇ ಇಲ್ಲ. ಅದು ಅವರು ದುಡಿದ ಹಣವೂ ಅಲ್ಲ, ತಮ್ಮ ಜೇಬಿನಿಂದ ಪೆಟ್ರೋಲ್ ಪಂಪಿಗೆ ಮೊದಲೇ ಕೊಟ್ಟ ಹಣ. ಸಂಬಳ ಉಳಿಸಿಕೊಳ್ಳುವುದಕ್ಕಿಂತ ಇದು ಹೆಚ್ಚು ತಪ್ಪು ಅಂತ ನನಗೆ ಅನ್ನಿಸುತ್ತದೆ.

ಪುಣೆಯ ಕಾರ್ಮಿಕ ಇಲಾಖೆಯ ಅಧಿಕಾರಿಗಳಿಗೂ ಒಂದು ಮನವಿ ಇದೆ. ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ ಪ್ರತಿ ಉದ್ಯೋಗಿಗೂ ನೇಮಕಾತಿ ಪತ್ರ ಕೊಡಬೇಕು. ಸ್ವಂತ ವಾಹನ ಕಡ್ಡಾಯ ಅಂತ ಹೇಳಿ ಕೆಲಸಕ್ಕೆ ತೆಗೆದುಕೊಳ್ಳುವ ಕಡೆ, ಕಿಲೋಮೀಟರಿಗೆ ಎಷ್ಟು, ಯಾವ ತಾರೀಖಿಗೆ ಅನ್ನುವುದು ಅದೇ ಪತ್ರದಲ್ಲಿ ಇರಲಿ ಅಂತ ಒಂದು ಸೂಚನೆ ಹೊರಡಿಸಿ. ತಪಾಸಣೆಗೆ ಬಂದಾಗ ಹಾಜರಿ ಪುಸ್ತಕದ ಜೊತೆಗೆ ಬಾಕಿ ಉಳಿದ ವೌಚರ್‌ಗಳನ್ನೂ ಕೇಳಿ.

ಮಾಲೀಕರೇ, ನೀವು ಇಲಾಖೆಯ ಸೂಚನೆಗೆ ಕಾಯಬೇಕಾಗಿಲ್ಲ. ಬೈಕಿಗೆ ನಾಲ್ಕು ರೂಪಾಯಿಯಿಂದ ಶುರು ಮಾಡಿ. ಪೆಟ್ರೋಲ್ ಐದು ರೂಪಾಯಿ ಏರಿದರೆ ದರವೂ ಹತ್ತು ಪೈಸೆ ಏರಲಿ, ಇಳಿದರೆ ಇಳಿಯಲಿ. ಹುಡುಗರು ಬೇಡ ಅನ್ನುವುದಿಲ್ಲ. ಪ್ರತಿ ತಿಂಗಳ 25ಕ್ಕೆ ವೌಚರ್ ಮುಚ್ಚಿ, ಸಂಬಳದ ಜೊತೆ ಖಾತೆಗೆ ಹಾಕಿ. ದೂರದ ಸೈಟಿಗೆ ಕಳಿಸುವಾಗ ಅರ್ಧ ಹಣವನ್ನು ಅಡ್ವಾನ್ಸ್ ಕೊಡಿ. ತಿಂಗಳ ಕೊನೆ ವಾರದಲ್ಲಿ ಸೈಟಿಗೆ ಹೋಗಲು ರೂಮ್‌ಮೇಟ್ ಹತ್ತಿರ ಪೆಟ್ರೋಲ್ ಹಣ ಕೈಗಡ ಕೇಳುವ ಹುಡುಗರು ನಿಮ್ಮ ಕಂಪನಿಯಲ್ಲೂ ಇದ್ದಾರೆ. ನೇಮಕಾತಿ ಪತ್ರಕ್ಕೆ ಸೇರಿಸಬೇಕಾದ ಆ ಒಂದು ಸಾಲನ್ನು ಮುಂದಿನ ಏಪ್ರಿಲ್ ತನಕ ತಡೆಯಬೇಡಿ, ಈ ತಿಂಗಳೇ ಬರೆಯಿಸಿ. ಈಗ ನಿಮ್ಮ ಟೇಬಲ್ ಮೇಲೆ ಸಹಿಗೆ ಕಾಯುತ್ತಿರುವ ವೌಚರ್‌ಗಳಿದ್ದರೆ ಅವನ್ನು ಇವತ್ತೇ ಪಾಸ್ ಮಾಡಿ.

ಇಂತಿ ನಿಮ್ಮ,
ಪುಣೆಯಲ್ಲಿ ಅಕೌಂಟ್ಸ್ ಕೆಲಸದಲ್ಲಿರುವ ಒಬ್ಬ ಕನ್ನಡತಿ